ಪಡುಗೋಡೆಯ ಬಿರುಕು

ನಾನು ಹೊಸಕೊಪ್ಪಲಿನ ಹಳೆಯ ಚರ್ಚು. ಮುಚ್ಚಿಹೋದ ಕೆರೆಯಂಗಳದಲ್ಲಿ ನನ್ನನ್ನು ಎಬ್ಬಿಸಿದವನು ಗಾರೆ ಕೆಲಸದ ಇನ್ನಾಸಪ್ಪ. ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ಅರೆದು ಎರಡು ಮೊಳ ದಪ್ಪದ ಗೋಡೆ ಕಟ್ಟಿದ. ನಡುವೆ ಒಂದೂ ಕಂಬವಿಲ್ಲದೆ ಕಮಾನುಗಳ ಮೇಲೆಯೇ ಮಾಡು ಕೂರಿಸಿದ. ಮೆತ್ತನೆಯ ನೆಲ ಹೆಚ್ಚು ಭಾರ ತಾಳದೆಂದು ನನಗೆ ಗೋಪುರ ಇಡಲಿಲ್ಲ. ಗಂಟೆಯನ್ನು ಹೊರಗೆ ಕಲ್ಲುಕಂಬಕ್ಕೆ ತೂಗುಹಾಕಿದ. ಪ್ಲೇಗಿನ ವರ್ಷ ಮನೆ ಬಿಟ್ಟವರೆಲ್ಲ ನನ್ನ ಕಮಾನುಗಳ ಕೆಳಗೆ ಮಲಗಿದರು.

ಎಪ್ಪತ್ತು ವರ್ಷದ ಮೇಲೆ ಬಂದ ಬರ್ನಾಡ್ ಸ್ವಾಮಿಗಳಿಗೆ ನಾನು ಗೋದಾಮಿನಂತೆ ಕಂಡೆ. ದೂರದ ರಸ್ತೆಗೂ ಶಿಲುಬೆ ಕಾಣಲೆಂದು ನನ್ನ ಪಡುಗೋಡೆಯ ಮೇಲೆ ಸಿಮೆಂಟಿನ ಗೋಪುರ ಏರಿಸಿದರು. ಊರಿಗೂ ಅದೇ ಹೆಮ್ಮೆ. ನಾನು ಮಾತ್ರ ದಿನದಿನಕ್ಕೂ ಕುಸಿಯುತ್ತಿದ್ದೆ.

ನನ್ನನ್ನು ಗುಡಿಸುತ್ತಿದ್ದವಳು ಇನ್ನಾಸಪ್ಪನ ಮೊಮ್ಮಗಳು ಅರುಳಮ್ಮ. ಪಡುಗೋಡೆಯಲ್ಲಿ ಬಿರುಕು ಕಂಡ ದಿನ ಅದಕ್ಕೆ ಅಡ್ಡಲಾಗಿ ಕ್ಯಾಲೆಂಡರಿನ ಹಾಳೆಯ ತುಂಡೊಂದನ್ನು ಗಂಜಿಯಲ್ಲಿ ಅಂಟಿಸಿದಳು. ಎಂಟನೆಯ ದಿನಕ್ಕೆ ಹಾಳೆ ಹರಿದಿತ್ತು.

“ಸ್ವಾಮಿ, ಗೋಡೆ ಬಾಯಿ ಬಿಡ್ತಾ ಐತೆ,” ಎಂದಳು.

“ಹಳೇ ಸುಣ್ಣ ಬಿರಿಯೋದು ಸಹಜ ಕಣಮ್ಮ. ಇಂಜಿನಿಯರು ನೋಡಿದಾರೆ,” ಎಂದರು ಸ್ವಾಮಿಗಳು.

ಗರಿಗಳ ಭಾನುವಾರ ಜನ ತೆಂಗಿನ ಗರಿ ಹಿಡಿದು ಮೆರವಣಿಗೆಯಲ್ಲಿ ಬಂದಾಗ ಅರುಳಮ್ಮ ಹೊಸ್ತಿಲಲ್ಲಿ ಅಡ್ಡ ಕೂತಳು. “ನನ್ನ ತುಳ್ಕಂಡು ಒಳಿಕ್ಕೋಗಿ.”

ಯಾರೂ ತುಳಿಯಲಿಲ್ಲ. ಪೂಜೆ ಹುಣಸೆಮರದಡಿ ನಡೆಯಿತು. ಆದರೆ ಅಂದು ನಾನು ಬೀಳಲಿಲ್ಲ. ಊರು ನಕ್ಕಿತು. ಪೊರಕೆ ಅವಳ ಕೈಯಿಂದ ಚೌರಪ್ಪನೆಂಬ ಮುದುಕನ ಕೈಗೆ ಹೋಯಿತು.

ಆ ಭಾನುವಾರ ಕಳೆದ ಹದಿನೇಳನೆಯ ದಿನ, ನಡುಮಧ್ಯಾಹ್ನ, ನನ್ನಿಂದ ತಾಳಲಾಗಲಿಲ್ಲ. ಗೋಪುರ ಒಳಕ್ಕೆ ಬಿತ್ತು. ಚೌರಪ್ಪ ಬೆಂಚು ಒರೆಸುತ್ತಿದ್ದ.

ಇಟ್ಟಿಗೆ ಸರಿಸಿ ಅವನ ಹೆಣ ತೆಗೆದವರಲ್ಲಿ ಅರುಳಮ್ಮನೂ ಇದ್ದಳು. ಮಣ್ಣು ಮಾಡಿ ಬಂದ ಮೇಲೆ ಸ್ವಾಮಿಗಳು ಅವಳೆದುರು ನಿಂತು, “ನಿನ್ನ ಮಾತು ಕೇಳಬೇಕಿತ್ತಮ್ಮ,” ಎಂದರು.

ಅವಳು ತಲೆ ಎತ್ತಲಿಲ್ಲ. “ನಾನೂ ಒಂದೇ ದಿನ ಅಡ್ಡ ಕೂತೆ, ಸ್ವಾಮಿ. ಚೌರಪ್ಪಣ್ಣ ದಿನಾ ಒಬ್ನೇ ಒಳಿಕ್ಕೋಗೋದ ಸುಮ್ನೆ ನೋಡ್ತಿದ್ದೆ. ಕ್ವಾಪ ಇತ್ತು ನಂಗೆ.”

ಈಗ ರಸ್ತೆಯಾಚೆ ಹೊಸ ಚರ್ಚಿದೆ. ನನ್ನಲ್ಲಿ ಉಳಿದಿರುವುದು ಪೀಠದ ಹಿಂದಿನ ಬಾಗುಗೋಡೆ ಮತ್ತು ಒಂದು ಕಮಾನು. ನೋಡಲು ಬಂದವರು ಹಳೆಯ ಗಾರೆಯನ್ನು ತಟ್ಟಿ ಹೊಗಳುತ್ತಾರೆ. ಆ ಹೊಗಳಿಕೆ ನನಗೆ ಒಗ್ಗುವುದಿಲ್ಲ. ಒಂದು ಜೀವ ತೆಗೆದ ಕಟ್ಟಡ ನಾನು. ಚೌರಪ್ಪನ ಹೆಂಡತಿ ಈ ದಾರಿಯಲ್ಲಿ ಹೋಗುವಾಗ ಇತ್ತ ನೋಡುವುದಿಲ್ಲ. ಅವಳ ಹೆಜ್ಜೆ ದೂರವಾಗುವವರೆಗೆ ನಾನೂ ಒಂದು ಹಿಡಿ ಮಣ್ಣು ಉದುರದಂತೆ ಬಿಗಿಹಿಡಿದು ನಿಲ್ಲುತ್ತೇನೆ.