ಕುನ್ನಿಗೆ ಕಲಿಸಿದ್ದು

ಬೀಜಾಡಿಯ ಸೋಮನ ಹೊಸ ಮನೆಗೂ ಅದರ ಹಿಂದೆ ಉಳಿದುಕೊಂಡ ಹಳೆ ಮನೆಗೂ ನಡುವೆ ಒಂದು ಬಾವಿ, ಎರಡು ತೆಂಗಿನ ಮರ, ಅಷ್ಟೇ ದೂರ. ಹಳೆ ಮನೆಯಲ್ಲಿ ಅವನ ಅಕ್ಕ ವನಜ ಒಬ್ಬಳೇ ಇದ್ದಳು. ಗಂಡ ಸತ್ತ ಮೇಲೆ ತವರಿಗೆ ಬಂದವಳು. ಬೆಳಗ್ಗೆ ಗಂಗೊಳ್ಳಿ ಬಂದರಿಗೆ ಹೋಗಿ ಮೀನು ತಂದು, ಕೋಟೇಶ್ವರದ ಮಾರ್ಕೆಟ್ಟಿನಲ್ಲಿ ಕೂತು ಮಾರಿ, ಮಧ್ಯಾಹ್ನ ಮನೆಗೆ ಬರುತ್ತಿದ್ದಳು.

ಹೊಸ ಮನೆಗೆ ಬರಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮನೆ ಒಕ್ಕಲಾದ ವಾರದಲ್ಲಿ ಒಮ್ಮೆ ಹೋಗಿ ಸೋಫಾದ ಮೇಲೆ ಕೂತಿದ್ದಳು. ಮಾರನೆಯ ದಿನ ಆ ಸೋಫಾದ ಬಟ್ಟೆಯೆಲ್ಲ ಒಗೆದು ಹಗ್ಗದ ಮೇಲೆ ಹರವಿತ್ತು. ತಾನು ಮಿಂದು ಬಂದಿದ್ದೆನಲ್ಲ ಎಂದು ವನಜ ನೆನೆದುಕೊಂಡಳು. ಅಲ್ಲಿಂದ ಮುಂದೆ ಹಿಂಬಾಗಿಲ ಮೆಟ್ಟಿಲ ಮೇಲೇ ಕೂತಳು. ಸೋಮನ ಹೆಂಡತಿ ಧನ್ಯಶ್ರೀ ಅಲ್ಲಿಗೇ ಚಾ ತಂದಿಟ್ಟಳು, ಊಟಕ್ಕೆ ಸಾರು, ಪದಾರ್ಥವನ್ನು ಪಾತ್ರೆಯಲ್ಲಿ ಹಾಕಿ ಕೊಟ್ಟಳು. ಸೋಮನ ದೋಣಿಯ ಮೀನಿನ ದುಡ್ಡಿನಿಂದಲೇ ಎದ್ದ ಮನೆಗೆ ಮೀನಿನ ವಾಸನೆ ಆಗದಂತಾಗಿತ್ತು.

ಮಗಳು ಮೋಕ್ಷಿತಾಳ ಹಟಕ್ಕೆ ಸೋಮ ಬ್ರಹ್ಮಾವರದಿಂದ ಒಂದು ಲ್ಯಾಬ್ರಡಾರ್ ಮರಿ ತಂದ. ಲಿಯೋ ಎಂದು ಹೆಸರಿಟ್ಟರು. ವನಜಳಿಗೆ ಅದು ಬರೀ ಕುನ್ನಿ. ಹೊಳೆಯುವ ಟೈಲ್ಸಿನ ಮೇಲೆ ಕಾಲು ಜಾರಿಸಿಕೊಂಡು ಓಡಾಡುತ್ತ ಅದು ಸಿಕ್ಕಿದಲ್ಲಿ ಉಚ್ಚೆ ಹೊಯ್ಯಿತು. ಸೋಫಾದ ಬುಡದಲ್ಲಿ, ದೇವರ ಕೋಣೆಯ ಹೊಸ್ತಿಲಲ್ಲಿ. ಧನ್ಯಶ್ರೀ ಪೇಪರ್ ಸುತ್ತಿ ಹೊಡೆದಳು. ಸೋಮ ಅದರ ಕುತ್ತಿಗೆ ಹಿಡಿದು ಮೂತಿಯನ್ನು ಉಚ್ಚೆಗೇ ತಿಕ್ಕಿದ. ಮರಿ ಹೆದರಿ ಮಂಚದಡಿ ಸೇರಿ ಅಲ್ಲೂ ಹೊಯ್ಯಿತು. ಕೊನೆಗೆ ಒಂದು ದಿನ ಧನ್ಯಶ್ರೀ ಮೂಗಿಗೆ ಸೆರಗು ಹಿಡಿದುಕೊಂಡು ಹಿಂಬಾಗಿಲಿಗೆ ಬಂದಳು.

"ಅತ್ಗಿ, ಒಂಚೂರ್ ಒಳಗ್ ಬನ್ನಿ. ಇದೆಂತ ಮಾಡಿತ್ ಕಾಣಿ."

ವನಜ ಒರೆಸಿ, ಫಿನಾಯಿಲ್ ಹಾಕಿ ತೊಳೆದಳು. ಮಾರನೆಯ ದಿನವೂ ಕರೆ ಬಂತು, ಅದರ ಮರುದಿನವೂ ಬಂತು. ಅವಳಿಗೆ ನಾಯಿ ಸಾಕಿ ಗೊತ್ತಿರಲಿಲ್ಲ. ಉಂಡ ಕೂಡಲೇ, ನಿದ್ದೆಯಿಂದ ಎದ್ದ ಕೂಡಲೇ ಅದಕ್ಕೆ ಅವಸರ ಆಗುತ್ತದೆ ಎಂದು ಮಾತ್ರ ಕಂಡುಕೊಂಡಳು. ಆ ಹೊತ್ತಿಗೆ ಎತ್ತಿಕೊಂಡು ಹೋಗಿ ತೆಂಗಿನ ಬುಡದಲ್ಲಿ ಬಿಟ್ಟು ಕಾದಳು. ಹೊಯ್ದರೆ ತಲೆ ಸವರಿದಳು, ಒಳಗೇ ಹೊಯ್ದರೆ ಬೈಯದೆ ಒರೆಸಿದಳು. ಇದಕ್ಕಾಗಿ ಬಂದರಿಗೆ ತಡವಾಗಿ ಹೋಗತೊಡಗಿದಳು. ಒಳ್ಳೆಯ ಮೀನು ಬೇರೆಯವರ ಪಾಲಾಯಿತು, ದಿನಾ ಬರುತ್ತಿದ್ದ ಗಿರಾಕಿಗಳು ಪಕ್ಕದವಳ ಬುಟ್ಟಿಗೆ ಬಗ್ಗಿದರು. ಅವಳಿಗೆ ಅದರ ಚಿಂತೆ ಹತ್ತಲಿಲ್ಲ. ಯಾಕೆಂದರೆ ಆ ದಿನಗಳಲ್ಲಿ ಅವಳು ಮನೆಯೊಳಗಿದ್ದಳು. ಅಡುಗೆಮನೆಯಲ್ಲಿ ಕೂತು ಧನ್ಯಶ್ರೀಯ ಜೊತೆ ಚಾ ಕುಡಿದಳು. ಸಂಜೆ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಟಿವಿ ನೋಡಿದಳು. ಸೋಮ ಊಟ ಮಾಡುತ್ತ ಅಮ್ಮನ ಸುದ್ದಿ ಎತ್ತಿದ. ಮಳೆಗಾಲದಲ್ಲಿ ಒಣಮೀನು ಸುಟ್ಟು ಇಬ್ಬರಿಗೂ ಪಾಲು ಮಾಡುತ್ತಿದ್ದುದನ್ನು ನೆನೆಸಿ ನಕ್ಕ. ಅವನು ಹಾಗೆ ಅವಳ ಜೊತೆ ಮಾತಾಡಿ ವರ್ಷಗಳೇ ಆಗಿದ್ದವು.

ಒಂದು ಬೆಳಗ್ಗೆ ಮರಿ ತಾನಾಗಿ ಹಿಂಬಾಗಿಲಿಗೆ ಹೋಗಿ ಕೆರೆಯಿತು. ಎಲ್ಲರಿಗೂ ಖುಷಿಯಾಯಿತು. ಮೋಕ್ಷಿತಾ ವಿಡಿಯೋ ಮಾಡಿದಳು. ಸೋಮ ಬಂದವರಿಗೆಲ್ಲ ಅಕ್ಕ ಕಲಿಸಿದ್ದು ಎಂದು ಹೇಳಿಕೊಂಡ. ಮರಿ ಕೆರೆದಾಗ ಬಾಗಿಲು ತೆಗೆಯುವುದು ಮೋಕ್ಷಿತಾಳ ಕೆಲಸವಾಯಿತು. ಒಂದು ಸಂಜೆ ವನಜ ಟಿವಿ ಹೊತ್ತಿಗೆ ಹೋದಾಗ ಧನ್ಯಶ್ರೀ ಬಾಗಿಲಲ್ಲೇ ಎದುರಾದಳು.

"ಇನ್ನ್ ನಿಮಗ್ ತ್ರಾಸ್ ಬ್ಯಾಡ ಅತ್ಗಿ. ಅದ್ ಈಗ ಎಲ್ಲ ಕಲ್ತಿತ್."

ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಚಾ ಮತ್ತೆ ಮೆಟ್ಟಿಲಿಗೆ ಬಂತು. ಕಲಿಯುವುದಕ್ಕೆ ಇನ್ನೂ ಒಂದಷ್ಟು ದಿನ ತೆಗೆದುಕೊಳ್ಳಬಾರದಿತ್ತೇ ಎಂದು ವನಜಳಿಗೆ ಮರಿಯ ಮೇಲೇ ಸಿಟ್ಟು ಬಂತು.

ಆಮೇಲೆ ಶಿರೂರಿನಲ್ಲಿ ಧನ್ಯಶ್ರೀಯ ಕಡೆಯ ಮದುವೆ ಬಂತು. ಮರಿಯನ್ನು ಒಳಗೆ ಬಿಟ್ಟು, ಮಧ್ಯಾಹ್ನ ಹೊರಗೆ ಕರೆದುಕೊಂಡು ಹೋಗು ಎಂದು ಸೋಮ ಅಕ್ಕನ ಕೈಗೆ ಕೀ ಕೊಟ್ಟು ಹೋದ. ಮಧ್ಯಾಹ್ನ ವನಜ ಹಿಂಬಾಗಿಲಿಗೆ ಬಂದಳು. ಒಳಗಿನಿಂದ ಮರಿ ಕೆರೆಯುತ್ತಿತ್ತು. ಬೀಗಕ್ಕೆ ಹಾಕಿದ ಕೀ ತಿರುಗಿಸಲಿಲ್ಲ. ಒಮ್ಮೆ ಹೊಯ್ದರೆ ಏನಾಯಿತು, ನಾಳೆ ಮತ್ತೆ ಕರೆಯುತ್ತಾರೆ ಅನ್ನಿಸಿತು. ಮರಿ ಕುಂಯ್‌ಗುಟ್ಟಿತು, ಬೊಗಳಿತು, ಬಾಗಿಲಿಗೆ ಹಾರಿ ಹಾರಿ ಬಿತ್ತು. ಅವಳ ವಾಸನೆ ಅದಕ್ಕೆ ಹತ್ತಿತ್ತು. ಅವಳು ಕೀ ಎಳೆದುಕೊಂಡು ಹಳೆ ಮನೆಗೆ ಹೋಗಿ ಮಲಗಿದಳು. ಅಲ್ಲಿಗೂ ಕೇಳುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ನಿಂತಿತು.

ಸಂಜೆ ಅವರು ಬಂದು ನೋಡಿದರೆ ಸಾಗುವಾನಿ ಬಾಗಿಲು ಕೆರೆದು ಹೋಗಿತ್ತು. ಸೋಫಾದ ಮೇಲೆ, ನೆಲದ ಮೇಲೆಲ್ಲ ಹೇಲು. ಸೋಮ ಬೆಲ್ಟ್ ಬಿಚ್ಚಿದ. ಮರಿಯ ಕೂಗು ಕೇಳಿ ವನಜ ಬಕೆಟು ಹಿಡಿದು ಓಡಿ ಬಂದಳು.

"ಅಕ್ಕ, ನೀ ಹೊರಗ್ ಬಿಟ್ಟಿದ್ಯಾ ಇಲ್ದಾ?"

"ಬಿಟ್ಟಿದ್ದೆ," ಎಂದಳು ವನಜ.

ಸೋಮ ಮರಿಗೆ ಇನ್ನೂ ನಾಲ್ಕು ಬಾರಿಸಿದ.

ಅಲ್ಲಿಂದ ಮರಿ ಕೆಟ್ಟಿತು. ಸೋಮನ ಬೈಕಿನ ಸದ್ದು ಕೇಳಿದರೆ ಸಾಕು, ನಿಂತಲ್ಲೇ ಹೊಯ್ಯುತ್ತಿತ್ತು. ವನಜಳಿಗೆ ಮತ್ತೆ ಕರೆ ಬಂತು. ಒಳಗೇ ಉಂಡಳು. ಆದರೆ ಸೋಮ ಈಗ ಅಮ್ಮನ ಸುದ್ದಿ ಎತ್ತಲಿಲ್ಲ, ಉಂಡ ಕೂಡಲೇ ಎದ್ದು ಹೋಗುತ್ತಿದ್ದ. ಅವಳು ಎಷ್ಟು ಹೊತ್ತು ತೆಂಗಿನ ಬುಡದಲ್ಲಿ ಕಾದರೂ ಮರಿ ಬಾಲ ಮಡಚಿಕೊಂಡು ಸುಮ್ಮನೆ ನಿಂತಿರುತ್ತಿತ್ತು.

ಮುಂದಿನ ವಾರ ಶಂಕರನಾರಾಯಣ ಊರಿನ ಕಡೆ ಕೋಳಿ ಫಾರಂ ಇಟ್ಟಿದ್ದ ಭೋಜರಾಜ ಎಂಬವನು ಜೀಪು ತಂದ. ಕಾವಲಿಗೆ ನಾಯಿ ಬೇಕಿತ್ತಂತೆ. ಮೋಕ್ಷಿತಾ ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ಮರಿಯನ್ನು ಜೀಪಿಗೆ ಹಾಕುವಾಗ ವನಜ ತಮ್ಮನ ಹತ್ತಿರ ಬಂದಳು.

"ಸೋಮ, ಅವತ್ತ್ ನಾನ್ ಬಾಗ್ಲೇ ತೆಗಿಲಿಲ್ಲ. ಕುನ್ನಿದ್ ತಪ್ಪಲ್ಲ."

ಅವನು ಬೈಯುತ್ತಾನೆ ಎಂದುಕೊಂಡಿದ್ದಳು. ಯಾಕೆ ಎಂದಾದರೂ ಕೇಳುತ್ತಾನೆ ಎಂದುಕೊಂಡಿದ್ದಳು.

"ಯಾರದ್ದಾರೂ ಆಯ್ಲಿ ಬಿಡ್ ಅಕ್ಕ," ಎಂದ ಸೋಮ. "ಮನಿ ನಾತ ಹೋದ್ರೆ ಸಾಕ್."

ಸಂಜೆ ಧನ್ಯಶ್ರೀ ಮೆಟ್ಟಿಲಿಗೆ ಬಂದು ವನಜಳ ಹತ್ತಿರವೇ ಉಳಿದಿದ್ದ ಕೀ ಕೇಳಿ ತೆಗೆದುಕೊಂಡು ಹೋದಳು.

ತಿಂಗಳ ಮೇಲೆ ವನಜ ಬಸ್ಸು ಹತ್ತಿ ಫಾರಮ್ಮಿಗೆ ಹೋದಳು. ಕುನ್ನಿಯನ್ನು ಶೆಡ್ಡಿನ ಕಂಬಕ್ಕೆ ಗಿಡ್ಡ ಸರಪಳಿಯಲ್ಲಿ ಕಟ್ಟಿದ್ದರು. ಅವಳನ್ನು ಕಂಡು ನೆಲಕ್ಕೆ ಹೊಟ್ಟೆ ಹಚ್ಚಿ ತೆವಳಿತು, ಹತ್ತಿರ ಹೋದರೆ ಹಿಂದಕ್ಕೆ ಸರಿಯಿತು. ಸ್ವಲ್ಪ ಹೊತ್ತಿನಲ್ಲಿ ಎದ್ದು, ಮಲಗುವ ಗೋಣಿಯಿಂದ ದೂರಕ್ಕೆ, ಸರಪಳಿ ಕುತ್ತಿಗೆಗೆ ಬಿಗಿಯುವ ತನಕ ಹೋಗಿ, ಅಲ್ಲಿ ನಿಂತು ಉಚ್ಚೆ ಹೊಯ್ಯಿತು. ಅದು ಇಳಿಜಾರಿನಲ್ಲಿ ಹರಿದು ಮತ್ತೆ ಗೋಣಿಗೇ ಬಂತು.

ಸರಪಳಿ ಒಂದಿಷ್ಟು ಉದ್ದ ಮಾಡಿ ಎಂದು ವನಜ ಕೇಳಿಕೊಂಡಳು. ಉದ್ದ ಮಾಡಿದರೆ ಕೋಳಿಗೆ ಬಾಯಿ ಹಾಕುತ್ತದೆ ಎಂದ ಭೋಜರಾಜ. ತನಗೇ ಕೊಟ್ಟುಬಿಡಿ ಎಂದು ಕೇಳಿದ್ದಕ್ಕೆ, ನಿಮ್ಮ ತಮ್ಮನಲ್ಲಿ ಒಂದು ಮಾತು ಹೇಳಿಸಿ, ಕೊಡುತ್ತೇನೆ ಎಂದ.

ಊರಿಗೆ ಬಂದಾಗ ಸೋಮ ಅಂಗಳದಲ್ಲೇ ಬೈಕು ತೊಳೆಯುತ್ತಿದ್ದ. ಎಲ್ಲಿಗೆ ಹೋದದ್ದು ಎಂದು ಕೇಳಿದ. ಎಲ್ಲಿಗೂ ಇಲ್ಲ ಎಂದು ವನಜ ಬಾವಿ ಬಳಸಿಕೊಂಡು ಹಿಂದಕ್ಕೆ ನಡೆದಳು.