ಗೋಪುರದ ದೀಪ

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಮುದುಕ ಕಾವಲುಗಾರ ಸತ್ತ. ಅವನು ಸಾಯುವುದು ಅವಳಿಗೆ ಗೊತ್ತೇ ಇತ್ತು. ಅದನ್ನು ನೋಡಲೆಂದೇ ಚಿಕ್ಕಂದಿನ ವಿಡಿಯೋ ಗೇಮನ್ನು ಹುಡುಕಿ ತರಿಸಿಕೊಂಡಿದ್ದಳು. ಪರದೆಯ ಕೆಳಗೆ ಪರಭಾಷೆಯ ಎರಡೇ ವಾಕ್ಯ ಮೂಡಿದವು: ‘ಅವನು ಹೋದ. ಬಾಗಿಲು ಮುಚ್ಚು.’ ದೀಪದ ಸುದ್ದಿಯೇ ಇಲ್ಲ.

ವಾರವಿಡೀ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಅವಳಿಗೆ ರಜೆಯ ಗೀಳೆಂದರೆ ಈ ಆಟದ ಅಭಿಮಾನಿ ಬಳಗ. ಆಟಕ್ಕೆ ಮೂರು ಭಾಗ. ಆತ್ಮದ ವಿಷಯದಲ್ಲಿ ಒಂದಕ್ಕೊಂದು ತಾಳಮೇಳವಿಲ್ಲ. ಮೊದಲನೆಯದರಲ್ಲಿ ಸತ್ತವರು ಮುಗಿದೇ ಹೋಗುತ್ತಾರೆ. ಎರಡನೆಯದರಲ್ಲಿ ಅದೇ ಸತ್ತವರು ಬಾವಿಯೊಳಗಿಂದ ಮಾತಾಡುತ್ತಾರೆ. ಮೂರನೆಯದರಲ್ಲಿ ಮಾಟಗಾತಿಯೊಬ್ಬಳು ಆತ್ಮಗಳನ್ನು ಸೀಸೆಗೆ ತುಂಬಿ ಮಾರುತ್ತಾಳೆ. ಇದನ್ನೆಲ್ಲ ಹೊಂದಿಸಿ ಸಂಜೆಯೊಳಗೆ ಲೇಖನ ಕಳಿಸುವ ಹೊಣೆ ಅವಳದು. ಉತ್ತರ ಅವಳ ಬಳಿ ಇತ್ತು: ಸತ್ತವರ ಆತ್ಮ ಗೋಪುರದ ದೀಪದಲ್ಲಿ ಕಾಯುತ್ತದೆ, ಹೆಸರು ಹಿಡಿದು ಕರೆದರೆ ಬರುತ್ತದೆ. ಕಾವಲುಗಾರ ಸಾಯುವಾಗ ಬರುವ ಮಾತು ಅದು ಎಂದೇ ಅವಳ ನೆನಪು. ವರ್ಷಗಳಿಂದ ಇದನ್ನೇ ವಾದಿಸಿ ‘ದೀಪದಕ್ಕ’ ಎಂಬ ಅಡ್ಡಹೆಸರೂ ಬಿದ್ದಿತ್ತು. ಎಲ್ಲಿದೆ ತೋರಿಸಿ ಎನ್ನುವವರ ಬಾಯಿ ಮುಚ್ಚಿಸಬೇಕಿತ್ತು.

ಫೋನು ಮಾಡಿದಳು. ಲಿಫ್ಟ್ ರಿಪೇರಿ ಮಾಡುವ ಅಣ್ಣ, ಅರ್ಧ ಗಂಟೆ ಅಷ್ಟೇ ಎನ್ನುತ್ತ, ಗ್ರೀಸು ಮೆತ್ತಿದ ಕೈಯಲ್ಲೇ ಬಂದ.

“ಆಗೆಲ್ಲ ನೀನೇ ಅಲ್ವಾ ಓದಿ ಹೇಳ್ತಿದ್ದಿದ್ದು? ನಂಗೆ ಆ ಭಾಷೆ ಎಲ್ಲಿ ಬರ್ತಿತ್ತು?”

“ನಂಗೂ ಅರ್ಧಂಬರ್ಧವೇ. ಮಾಟಗಾತಿಗೆ ಮೂರು ಜನ ಗಂಡಂದಿರು ಅಂದಿದ್ನಲ್ಲ, ಅದೂ ಬೊಗಳೆ.”

“ಅದನ್ನೂ ಬರೆದುಬಿಟ್ಟಿದೀನಲ್ಲೋ ಪುಣ್ಯಾತ್ಮ.”

ಅವನು ನಕ್ಕ. ಅವಳು ನಗಲಿಲ್ಲ.

“ದೀಪ?”

ಅಣ್ಣ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ.

“ಅಪ್ಪ ಹೋದ ದಿನ ಆಸ್ಪತ್ರೆಯಿಂದ ಅಮ್ಮ ನನ್ನ ಕಳಿಸಿದ್ಲು, ತಂಗಿಗೆ ಹೇಳು ಅಂತ. ದಾರಿಯುದ್ದಕ್ಕೂ ಹೇಗೆ ಹೇಳೋದು ಅಂತ ಬಾಯಿಪಾಠ ಮಾಡ್ಕೊಂಡು ಬಂದೆ. ಬಾಗಿಲು ತೆಗೆದ್ರೆ ನೀನು ನೆಲದ ಮೇಲೆ ಕೂತು ಆಡ್ತಿದೀಯ. ‘ಬೇಗ ಬಾರೋ, ಕಾವಲು ತಾತ ಸಾಯ್ತಿದಾನೆ, ಏನಂತೆ ಓದು’ ಅಂದೆ.”

“ನೀನು ಓದಿದೆ.”

“ಏನೋ ಒಂದು ಓದಿದೆ. ಅಪ್ಪನ ಸುದ್ದಿ ಆಮೇಲೆ ಅತ್ತೆ ಬಂದು ಹೇಳಿದ್ರು.”

ಹಳೇ ಮನೆಯ ಮೆಟ್ಟಿಲು ಅವಳ ಕಣ್ಣಿಗೆ ಕಟ್ಟಿತು: ಮಾಸಿದ ಹಸಿರು ಗೋಡೆ, ತಂತಿಯಲ್ಲಿ ಜೋತುಬಿದ್ದ ಬಲ್ಬು.

“ಆ ಬಲ್ಬಿನ ಕೆಳಗೆ ನಿಂತು ಅಪ್ಪನ್ನ ಹೆಸರು ಹಿಡಿದು ಕರೀತಿದ್ದೆ ಕಣೋ. ಹೆತ್ತಪ್ಪನ್ನ ಹಾಗೆ ಕರೀತಾರಾ ಅಂತ ಅಮ್ಮನ ಹತ್ರ ಬೈಸ್ಕೊಂಡಿದ್ದೆ.”

“ಗೊತ್ತು.”

“ಏನು ಗೊತ್ತು?”

“ಅದು ಸುಟ್ಟುಹೋದಾಗೆಲ್ಲ ಬೇರೆ ಹಾಕ್ತಿದ್ದಿದ್ದು ಯಾರು ಅನ್ಕೊಂಡೆ? ಮನೆ ಮಾಲೀಕನಾ?”

ಅವಳು ಎದ್ದುಹೋಗಿ ಟೀಗಿಟ್ಟಳು. ಒಲೆಯ ಮುಂದೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನಿಂತಳು.

ಲೇಖನ ಐದು ಗಂಟೆಗೆ ಹೋಯಿತು. ದೀಪದ ಮಾತನ್ನು ತೆಗೆದು, ಮೂರು ಭಾಗಗಳ ನಡುವಿನ ವಿರೋಧಕ್ಕೆ ಆಟದೊಳಗೆ ಯಾವ ಸಮಾಧಾನವೂ ಸಿಗುವುದಿಲ್ಲ ಎಂದು ಬರೆದಿದ್ದಳು. ದೀಪದಕ್ಕ ಕೊನೆಗೂ ಸೋತರು ಎಂದು ಬಳಗದವರು ಹಬ್ಬ ಮಾಡಿದರು. ಅಣ್ಣ ಹೊರಟದ್ದು ಕತ್ತಲಾದ ಮೇಲೆ. ಅವಳು ಬೀದಿಯ ತನಕ ಜೊತೆಗೆ ನಡೆದಳು.