ಮನೆಯಿಲ್ಲದ ಸ್ವರ

ಹನ್ನೆರಡು ಊದುಬತ್ತಿ ಕಡ್ಡಿಗಳನ್ನು ಧರಣಿ ನೆಲದ ಮೇಲೆ ಗಡಿಯಾರದ ಅಂಕಿಗಳ ಹಾಗೆ ಸುತ್ತಲೂ ಜೋಡಿಸಿದಳು. ಒಂದೊಂದು ಕಡ್ಡಿ ಒಂದೊಂದು ಸ್ವರ. ಒಂದರಿಂದ ಶುರುಮಾಡಿ ಮೂರು ಮೂರು ಎಣಿಸುತ್ತ ನಾಲ್ಕು ಕಡ್ಡಿ ಎತ್ತಿದಳು. ಅದರ ಪಕ್ಕದ್ದರಿಂದ ಎಣಿಸಿ ಇನ್ನೂ ನಾಲ್ಕು. ಅದರಾಚೆಯದರಿಂದ ಮತ್ತೆ ನಾಲ್ಕು. ನೆಲ ಖಾಲಿಯಾಯಿತು.

“ಹೊಸೆಯೋ ಕಡ್ಡೀಲಿ ಏನಾಟನೇ ನಿಂದು?” ಎಂದಳು ತಾಯಿ ಚಿಕ್ಕಮಾದಮ್ಮ, ಮಣೆಯ ಮೇಲೆ ಊದುಬತ್ತಿ ಹೊಸೆಯುತ್ತಿದ್ದ ಕೈ ನಿಲ್ಲಿಸದೆ.

“ಆಟ ಅಲ್ಲ ಕಣವ್ವ. ಒಂದೊಂದು ಸ್ವರದಿಂದ ಒಂದೊಂದು ವರಸೆ, ಹನ್ನೆರಡು ಕಲೀಬೇಕು ಅಂತ ಹೆದರ್ಕೊಂಡಿದ್ದೆ. ಇರೋದು ಮೂರೇ.”

“ಸದ್ಯ. ಒಂಬತ್ತರ ಹೆದರಿಕೆ ಕಮ್ಮಿ ಆಯ್ತಲ್ಲ, ಉಣ್ಣೇಳು.”

ಆದರೆ ಅನ್ನ ಇಳಿಯಲಿಲ್ಲ. ಕ್ಲಾರಿಯೋನೆಟ್ ಪರೀಕ್ಷೆಗೆ ನಾಲ್ಕೇ ದಿನವಿತ್ತು. ಮಂಡಿ ಮೊಹಲ್ಲಾದ ಪುಟ್ಟ ಸಂಗೀತ ಶಾಲೆಯಲ್ಲಿ ಧರಣಿ ಕಸ ಗುಡಿಸಲು ಸೇರಿದವಳು. ಮೂಲೆಯಲ್ಲಿ ನಿಂತು ನೋಡಿ ನೋಡಿಯೇ ಬೆರಳುಗಳ ಜಾಗ ಕಲಿತಿದ್ದಳು. ಬ್ಯಾಂಡಿನಲ್ಲಿ ಮೂವತ್ತು ವರ್ಷ ಕ್ಲಾರಿಯೋನೆಟ್ ಊದಿ ನಿವೃತ್ತರಾಗಿದ್ದ ಮಂಟಯ್ಯ ಮೇಷ್ಟ್ರು ಒಂದು ದಿನ ಪೊರಕೆಯ ಹಿಡಿಯ ಮೇಲೆ ಅವಳ ಬೆರಳು ಆಡುವುದನ್ನು ಕಂಡು, ಶಾಲೆಯ ಹಳೆಯ ಕ್ಲಾರಿಯೋನೆಟ್ ಒಂದನ್ನು ಕೈಗಿತ್ತರು. ಅದೀಗ ಮೂರು ವರ್ಷದ ಮಾತು. ಈ ವರ್ಷ ಶಾಲೆಯವರು ಕಟ್ಟುನಿಟ್ಟು ಮಾಡಿದ್ದರು: ಪರೀಕ್ಷೆ ಪಾಸಾದವರಿಗೆ ಮಾತ್ರ ವಾದ್ಯ ಉಳಿಯುತ್ತದೆ, ಉಳಿದವರು ವಾಪಸು ಕೊಡಬೇಕು.

ಫೇಲಾಗುವುದಕ್ಕಿಂತ ಅವಳಿಗೆ ಭಯ ಬೇರೆಯೇ ಇತ್ತು. ಎಂಟನೇ ಕ್ಲಾಸಿನಲ್ಲಿ ಇನ್‌ಸ್ಪೆಕ್ಟರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದೂ ಬಾಯಿ ತೆರೆಯಲಾಗದೆ ನಿಂತಿದ್ದಳು. ಎಲ್ಲರೂ ನಕ್ಕಿದ್ದರು. ಮಾರನೆಯ ದಿನದಿಂದ ಶಾಲೆಯ ಕಡೆ ತಲೆ ಹಾಕಿರಲಿಲ್ಲ.

ಕಡ್ಡಿ ಜೋಡಿಸಿದ ಮಾರನೆಯ ದಿನ ಆ ಲೆಕ್ಕ ಕೇಳಿ ಮಂಟಯ್ಯ ಕನ್ನಡಕ ಹಣೆಗೇರಿಸಿದರು. “ಎಲಾ ಕಳ್ಳಿ! ಇದು ನಂಗೆ ಗೊತ್ತಾಗೋಕೆ ಹತ್ತು ವರ್ಷ ಬೇಕಾಯ್ತು. ಎಲ್ಲಿ, ಊದು.”

ಊದಿದಳು. ಡಿಮಿನಿಷ್ಡ್ ಸೆವೆಂತ್, ಪರೀಕ್ಷೆಗಿದ್ದ ಎರಡು ಪಾಶ್ಚಾತ್ಯ ವರಸೆಗಳಲ್ಲಿ ಒಂದು. ನಾಲ್ಕು ಸ್ವರಗಳ ನಡುವೆಯೂ ಒಂದೇ ಅಂತರ. ಯಾವುದು ಆರಂಭ, ಯಾವುದು ಕೊನೆ ಎಂದು ಕಿವಿಗೆ ತಿಳಿಯುವುದಿಲ್ಲ. ಕತ್ತಲ ಕೋಣೆಯಲ್ಲಿ ಬಾಗಿಲಿಗಾಗಿ ತಡಕಾಡಿದಂತೆ. ಹತ್ತಿ ಇಳಿದು ಬಂದವಳು ತಡೆಯಲಾರದೆ ಕೊನೆಗೆ ಕಿವಿಗೆ ನೆಮ್ಮದಿ ಕೊಡುವ ಇನ್ನೊಂದು ಸ್ವರ ಸೇರಿಸಿ ಉಸಿರು ಬಿಟ್ಟಳು.

ಮಂಟಯ್ಯ ಪೆನ್ಸಿಲಿನಿಂದ ಮೇಜು ಕುಟ್ಟಿದರು. “ಮತ್ತೆ ಮನೆಗೆ ಓಡ್ಬುಟ್ಟೆ! ಇದಕ್ಕೆ ಮನೆ ಇಲ್ಲ ಕಣಮ್ಮ. ಬೀದೀಲೇ ನಿಂತ್ಕೋಬೇಕು.”

“ಭಯ ಆಗುತ್ತೆ ಮೇಷ್ಟ್ರೇ.”

“ಆಗ್ಲಿ. ಭಯಕ್ಕೇನು ಮಾರ್ಕ್ಸ್ ಕಟ್ ಮಾಡಲ್ಲ. ಆ ಇನ್ನೊಂದೈತಲ್ಲ, ಡಾಮಿನೆಂಟ್, ಅದಕ್ಕೆ ಮನೆ ಐತೆ. ಕೊನೇಲಿ ಮನೆ ಸ್ವರ ಮುಟ್ಟಿದ್ರೇನೇ ಪೂರ್ತಿ.”

ಮೂರು ದಿನ ಅವಳು ಬೀದಿಯಲ್ಲಿ ನಿಲ್ಲುವುದನ್ನೇ ಕಲಿತಳು. ಕೊನೆಯ ಸ್ವರಕ್ಕೆ ಬಂದೊಡನೆ ತುಟಿ ಸಡಿಲಿಸಿ, ಹಲ್ಲು ಕಚ್ಚಿ, ಮುಂದಿನದಕ್ಕೆ ಹಾತೊರೆಯುವ ಬೆರಳುಗಳನ್ನು ಹಿಡಿದು ನಿಲ್ಲಿಸುವುದು. ನೂರು ಸಲ. ಇನ್ನೂರು ಸಲ.

ಪರೀಕ್ಷೆಯ ಬೆಳಿಗ್ಗೆ ಬೆವರಿದ ಬೆರಳು ಕೀಲಿಗಳ ಮೇಲೆ ಜಾರುತ್ತಿತ್ತು. ಕೋಣೆಯಲ್ಲಿ ಊರಾಚೆಯಿಂದ ಬಂದ ಪರೀಕ್ಷಕರೊಬ್ಬರು, ಒಂದು ಮೇಜು, ಒಂದು ಪೆನ್ಸಿಲು. ಬಾಗಿಲ ಹೊರಗೆ ಮಂಟಯ್ಯ. ಪರೀಕ್ಷಕರು ಮೊದಲು ಡಿಮಿನಿಷ್ಡ್ ಕೇಳಿದರು. ಕಣ್ಣೆದುರು ಕಡ್ಡಿಗಳು ಬಂದವು. ಹತ್ತಿದಳು, ಇಳಿದಳು, ನಿಂತಳು. ಪೆನ್ಸಿಲು ಏನನ್ನೋ ಬರೆಯಿತು.

ಆಮೇಲೆ ಡಾಮಿನೆಂಟ್. ಹತ್ತಿದಳು. ಮೇಲಿನ ಸ್ವರ ಕೀಚಲಿಲ್ಲ. ಇಳಿದಳು. ಶುರುಮಾಡಿದ ಸ್ವರಕ್ಕೆ ಬಂದೊಡನೆ ಅಭ್ಯಾಸಬಲದಿಂದ ತುಟಿ ಸಡಿಲಾಯಿತು, ಹಲ್ಲು ಕಚ್ಚಿತು, ಬೆರಳು ನಿಂತಿತು.

ಪರೀಕ್ಷಕರು ತಲೆಯೆತ್ತಲಿಲ್ಲ. ಪೆನ್ಸಿಲಿನ ಮೊನೆ ಕಾಗದಕ್ಕೆ ತಾಗದೆ ಹಾಗೇ ನಿಂತಿತ್ತು. ತಪ್ಪಾಗಿದೆ ಎಂದು ಧರಣಿಗೆ ಹೊಳೆಯಿತು. ಅದೇ ಎಂಟನೇ ಕ್ಲಾಸು. ಉತ್ತರ ಗೊತ್ತು, ಬಾಯಿ ಬಿಡಲಾಗುತ್ತಿಲ್ಲ. ಇನ್ನೇನು ಯಾರಾದರೂ ನಗುತ್ತಾರೆ. ಬಾಗಿಲು ಮೂರೇ ಹೆಜ್ಜೆ. ವಾದ್ಯ ಮೇಜಿನ ಮೇಲಿಟ್ಟು ಓಡಿಬಿಡಬಹುದು.

ಯಾರೂ ನಗಲಿಲ್ಲ. ಊದಿ ಬಿಟ್ಟ ಸ್ವರ ಮಾತ್ರ ಕಿವಿಯಲ್ಲಿ ಇನ್ನೂ ಹೊರಗೆ ನಿಂತೇ ಇತ್ತು, ಹೊಸ್ತಿಲಾಚೆ, ಒಳಗೆ ಕರೆಯುವವರಿಗಾಗಿ ಕಾಯುತ್ತ.

ಇಲ್ಲಿ ಬಾಯಿ ಮಾತಾಡಬೇಕಿಲ್ಲ ಎಂದು ಅವಳಿಗೆ ಆಗ ನೆನಪಾಯಿತು. ಊದಿದರೆ ಸಾಕು.

ಕಡ್ಡಿಯಷ್ಟು ತೆಳುವಾದ ಉಸಿರು ಸಿಕ್ಕಿತು. ಅದನ್ನೇ ಊದಿದಳು. ಸ್ವರ ನಡುಗುತ್ತಲೇ ಮನೆ ಮುಟ್ಟಿತು. ಪೆನ್ಸಿಲಿನ ಮೊನೆ ಕಾಗದಕ್ಕೆ ತಾಗಿತು.

ಹೊರಗೆ ಬಂದಾಗ ಮಂಟಯ್ಯ ಗೋಡೆಗೊರಗಿ ಮುಖ ಒರೆಸಿಕೊಳ್ಳುತ್ತಿದ್ದರು. “ಆ ಒಂದು ಸ್ವರಕ್ಕೆ ಅಷ್ಟೊತ್ತೇನಮ್ಮ? ನನ್ ಜೀವ ಹೋಗ್ಬುಟ್ಟಿತ್ತು!”

ಎರಡು ತಿಂಗಳ ಮೇಲೆ ಫಲಿತಾಂಶ ಬಂತು. ಪಾಸಿಗೆ ಅರವತ್ತು, ಅವಳಿಗೆ ಅರವತ್ತೆರಡು. ಮಂಟಯ್ಯ ವಾದ್ಯದ ಪೆಟ್ಟಿಗೆಯನ್ನು ಅವಳ ಕಡೆಗೆ ತಳ್ಳಿದರು. ಧರಣಿ ಅದನ್ನು ಎದೆಗವಚಿಕೊಂಡು ಮನೆಯತ್ತ ನಡೆದಳು. ಹಿಂದಿನಿಂದ ಯಾರಾದರೂ ಕೂಗಿ ವಾಪಸು ಕೇಳಿಯಾರೆಂದು ಬೀದಿಯ ತಿರುವಿನವರೆಗೂ ತಿರುಗಿ ನೋಡಲಿಲ್ಲ.